ಎರಡು ಪರದೆ, ಒಂದು ಗುರುತು

ಬಂದರಿನಲ್ಲಿ ನನ್ನ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಬಾಯಿಬೀಗ ಎಂದೇ ಹೆಸರು. ಮೀನು ಎಲ್ಲಿ ಸಿಕ್ಕಿತು ಎಂದು ಕೇಳಿದರೆ "ನೀರಲ್ಲಿ" ಎನ್ನುವ ಆಸಾಮಿ. ಒಳ್ಳೆಯ ಜಾಗಗಳನ್ನೆಲ್ಲ ಮೀನು ಹುಡುಕುವ ಯಂತ್ರದಲ್ಲಿ ಗುರುತು ಹಾಕಿಟ್ಟು, ತಮ್ಮ ಬೋಟಿನವರೇ ಹತ್ತಿರ ಬಂದರೂ ಪರದೆಯ ಮೇಲೆ ಟವೆಲ್ ಎಳೆದುಬಿಡುತ್ತಿದ್ದರು.

ಆ ಗುರುತುಗಳ ನಡುವೆ ಮೀನಿಗೆ ಸಂಬಂಧವೇ ಇಲ್ಲದ ಒಂದಿತ್ತು. ಅವರ ತಮ್ಮ ಬಲೆ ಎಳೆಯುವಾಗ ಕಾಲು ಜಾರಿ ಬಿದ್ದು, ಮತ್ತೆ ಮೇಲೆ ಬಾರದ ಜಾಗ. ದೇಹ ಸಿಗಲಿಲ್ಲ. ಸುತ್ತ ಬೇರೆ ಬೋಟೂ ಇರಲಿಲ್ಲ. ವರ್ಷಕ್ಕೊಮ್ಮೆ ಭಾವ ತಾಯಿಯನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದರು. ಆಕೆ ಮಗನ ಜೊತೆ ಸ್ವಲ್ಪ ಹೊತ್ತು ಮಾತಾಡಿ ಬರುತ್ತಿದ್ದರು. ಆ ಮಗ ಅಂತ ಆಕೆಗೆ ಉಳಿದದ್ದು ಅಷ್ಟೇ.

ಈ ವರ್ಷ ಹಳೆಯ ಯಂತ್ರದ ಪರದೆ ಮಂಕಾಯಿತು. ಅಂಗಡಿಯಲ್ಲಿ ಭಾವ ಒಂದೊಂದನ್ನೂ ಬಾಗಿಲಾಚೆ ಬಿಸಿಲಿಗೆ ತಂದು ನೋಡಿ ಎಲ್ಲರ ಜೀವ ತಿಂದರು. ಎರಡು ತೆಗೆದುಕೊಳ್ಳಿ ಎಂದ ಮೆಕ್ಯಾನಿಕ್: ಒಂದು ಮುಂದೆ, ಚುಕ್ಕಾಣಿಯ ಹತ್ತಿರ, ಇನ್ನೊಂದು ಹಿಂದೆ, ಬಲೆ ಬಿಡುವಲ್ಲಿ. ಬೋಟಿನ ತಳದ ಸೆನ್ಸರ್ ಒಂದೇ, ಎರಡೂ ಪರದೆಗಳ ನಡುವೆ ಒಂದು ಕೇಬಲ್. ಹಳೆಯ ಗುರುತುಗಳನ್ನೆಲ್ಲ ಹೊಸದಕ್ಕೆ ತುಂಬಿಸಿಕೊಟ್ಟು, ಹಳೆಯದನ್ನು ಬಿಚ್ಚಿಕೊಂಡು ಹೋದ.

ಭಾವ ಹಿಂದೆ ಹೋಗಿ ನೋಡಿದರೆ, ಜೀವಮಾನದ ಗುಟ್ಟೆಲ್ಲ ಬಲೆ ಎಳೆಯುವವರ ಕಣ್ಣೆದುರು!

"ಊರಿಗೆಲ್ಲ ಡಂಗುರ ಹೊಡೆದಂಗಾಯ್ತಲ್ಲೋ!" ಎಂದವರೇ ಹಿಂದಿನ ಪರದೆಯಲ್ಲಿ ಎಲ್ಲವನ್ನೂ ಅಳಿಸಿದರು. ನಿಜಕ್ಕೂ ಅಳಿಸಲೇ ಎಂದು ಯಂತ್ರ ಕೇಳಿತು. ಹೌದು ಎಂದು ಒತ್ತಿದರು. ಮುಂದಿನದರಲ್ಲಿ ಇದ್ದೇ ಇದೆಯಲ್ಲ ಎಂಬ ಧೈರ್ಯ.

ಮಾರನೆಯ ದಿನ ಚುಕ್ಕಾಣಿ ಹಿಡಿದು ನೋಡಿದರೆ ಮುಂದಿನದರಲ್ಲೂ ಬರಿಯ ನೀಲಿ.

"ಕನೆಕ್ಟ್ ಮಾಡಿದ್ಮೇಲೆ ಎರಡೂ ಒಂದೇ ಸಾರ್," ಎಂದ ಮೆಕ್ಯಾನಿಕ್ ಫೋನಿನಲ್ಲಿ. "ಒಂದ್ರಲ್ಲಿ ತೆಗೆದ್ರೆ ಇನ್ನೊಂದ್ರಲ್ಲೂ ಹೋಗುತ್ತೆ."

"ಹಳೇದ್ರಲ್ಲಿ ಇರುತ್ತಲ್ಲಪ್ಪ?"

"ಅದನ್ನ ನಿನ್ನೇನೇ ಬಿಚ್ಚಿ ಪಾರ್ಟ್ಸ್ ಮಾಡ್ಬಿಟ್ವಿ ಸಾರ್."

ಪಕ್ಕದಲ್ಲೇ ನಿಂತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು. ಬೀಗ ಹಾಕಿ ಹಾಕಿ, ಕೊನೆಗೆ ಬೀಗದ ಕೈಯನ್ನೇ ನೀರಿಗೆಸೆದ ಮನುಷ್ಯ! ಆದರೆ ಅವರ ಮುಖ ನೋಡಿ ದನಿ ತಗ್ಗಿಸಿದೆ.

"ನಿಮ್ಮಮ್ಮಂಗೆ ಹೇಳ್ಬಿಡಿ ಭಾವ."

"ಏನಂತ ಹೇಳ್ಲೋ? ಇನ್ನೊಂದ್ಸಲ ಅವನನ್ನ ಕಳ್ಕೊಂಡೆ ಅಂತಾನಾ?"

ವರ್ಷಕ್ಕೊಮ್ಮೆ ಅಲ್ಲಿಗೆ ಹೋಗುವ ಆ ದಿನ ಬಂತು. ಅಮ್ಮನನ್ನು ಕೂರಿಸಿಕೊಂಡು ಅಂದಾಜಿನ ಮೇಲೆ ಬಹಳ ಹೊತ್ತು ಸುತ್ತಿದೆವು. ಪರದೆಯಲ್ಲಿ ತಳದ ಗೆರೆ ಎಲ್ಲ ಕಡೆಯೂ ಒಂದೇ ಥರ. ಕೆಳಗೆ ಮೀನಿದೆ ಎಂದು ಯಂತ್ರವೊಂದೇ ಖುಷಿಯಿಂದ ಕೂಗುತ್ತಿತ್ತು.

"ಇಲ್ಲೇ ಏನೋ?" ಅಮ್ಮ ಕೇಳಿದರು.

ಭಾವ ನನ್ನ ಮುಖ ನೋಡಿದರು. ನಾನು ನೀರು ನೋಡಿದೆ.

"ಹೂಂ. ಇಲ್ಲೇ ಅಮ್ಮ."

"ಹಾಗಾದ್ರೆ ಇಂಜಿನ್ ನಿಲ್ಸು. ಅವನಿಗೆ ನನ್ ಮಾತು ಕೇಳ್ಬೇಕಲ್ಲ."

ಇಂಜಿನ್ ನಿಂತಿತು. ಆಕೆ ಬೋಟಿನ ಅಂಚಿಗೆ ಕೈಯೂರಿ ಬಾಗಿದರು.

"ತಡ ಆಯ್ತು ಮಗಾ. ಅಣ್ಣನ್ ಮೇಲೆ ಸಿಟ್ಟಾಗ್ಬೇಡ. ಪ್ರತಿಸಲ ದಾರಿ ತಪ್ಪದೆ ನಿನ್ ಹತ್ರಾನೇ ಕರ್ಕೊಂಡ್ ಬರ್ತಾನೆ."

ಬೋಟು ಮೆಲ್ಲಗೆ ತೇಲಿ ಪಕ್ಕಕ್ಕೆ ಸರಿಯುತ್ತಿತ್ತು. ಭಾವ ಚುಕ್ಕಾಣಿಯ ಮೇಲೆ ಎರಡೂ ಕೈ ಇಟ್ಟುಕೊಂಡು ನಿಂತೇ ಇದ್ದರು. ಯಾವ ಕಡೆಗೆ ತಿರುಗಿಸಬೇಕೆಂದು ಅವರಿಗೆ ಗೊತ್ತಿರಲಿಲ್ಲ.