ಮಾವಶಿಯ ಡಬ್ಬಿ ಖೋಲಿ

ಊಟದ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲುಗಾಡಿಸಿದರೆ ಸಾಕು, ಒಳಗೆ ಏನಿದೆ ಎಂದು ಮಾವಶಿ ಹೇಳಿಬಿಡುತ್ತಿದ್ದಳು. "ನಿಮ್ಮವ್ವ ಇವತ್ತ ಕಡ್ಲಿಹಿಟ್ಟಿನ ಝುಣಕಾ ಮಾಡ್ಯಾಳ ನೋಡು. ಮ್ಯಾಲ ಒಂದೀಟ ಬೆಣ್ಣಿನೂ ಇಟ್ಟಾಳ." ತೆರೆದು ನೋಡಿದರೆ ಹೆಸರುಕಾಳಿನ ಪಲ್ಯ ಇರುತ್ತಿತ್ತು. ಅದಕ್ಕೆಲ್ಲ ಅವಳು ತಲೆ ಕೆಡಿಸಿಕೊಂಡವಳಲ್ಲ. "ಹಂಗಾದ್ರ ತಪ್ಪು ನಿಮ್ಮವ್ವಂದ. ಝುಣಕಾ ಮಾಡೂ ದಿನಾ ಪಲ್ಯ ಮಾಡ್ಯಾಳ," ಎಂದು ಮುಂದಿನ ಡಬ್ಬಿಗೆ ಕೈ ಹಾಕುತ್ತಿದ್ದಳು. ಕಾಲೇಜಿನಲ್ಲಿ ಇದ್ದಷ್ಟು ದಿನ ನಾನು ಅವಳ ಕೈಯಿಂದಲೇ ಡಬ್ಬಿ ಇಸಿದುಕೊಂಡೆ. ಅವಳು ಸೋತೆ ಎಂದು ಒಪ್ಪಿಕೊಂಡದ್ದು ಮಾತ್ರ ನನಗೆ ನೆನಪಿಲ್ಲ.

ಹೆಸರು ಸಖೂಬಾಯಿ. ಅಥಣಿಯ ಕಡೆಯ ನಮ್ಮ ಕಾಲೇಜಿನಲ್ಲಿ ಲೇಡೀಸ್ ರೂಮಿನ ಸಿಪಾಯಿ. ಕಚ್ಚೆ ಹಾಕಿ ಉಟ್ಟ ಹಸಿರು ಸೀರೆ, ಹಣೆಯ ಮೇಲೆ ಕಾಸಗಲ ಹಚ್ಚೆ, ಸೊಂಟದಲ್ಲಿ ಕೀಲಿಯ ಗೊಂಚಲು. ಅವಳು ವರಾಂಡದಲ್ಲಿ ನಡೆದು ಬಂದರೆ ಕೀಲಿಗಳ ಸದ್ದಿಗೆ ಪಾಠ ಮಾಡುತ್ತಿದ್ದ ಮಾಸ್ತರರೇ ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ನಾವೆಲ್ಲ ಅವಳನ್ನು ಮಾವಶಿ, ಅಂದರೆ ಚಿಕ್ಕವ್ವ, ಎನ್ನುತ್ತಿದ್ದೆವು. ಅವಳಿಗೆ ಮಕ್ಕಳಿರಲಿಲ್ಲ, ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಆ ಕೊರತೆಯನ್ನು ಅವಳು ಅಧಿಕಾರದಿಂದ ತುಂಬಿಕೊಂಡಿದ್ದಳು ಎಂದು ನನಗೆ ಈಗ ಅನಿಸುತ್ತದೆ.

ಎಂಬತ್ತರ ದಶಕದಲ್ಲಿ ನಮ್ಮ ಕಡೆ ಬಾಡಿಗೆ ಕೋಣೆ, ಅಂದರೆ ಖೋಲಿ, ಹಿಡಿದು ಓದುವ ಹುಡುಗರ ಊಟ ಬಸ್ಸಿನಲ್ಲಿ ಬರುತ್ತಿತ್ತು. ಮುಂಜಾನೆ ತಾಯಂದಿರು ರೊಟ್ಟಿ ಬಡಿದು, ಡಬ್ಬಿ ತುಂಬಿ, ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ, ಊರಿನ ಸ್ಟ್ಯಾಂಡಿನಲ್ಲಿ ಡ್ರೈವರನ ಕೈಗೆ ಕೊಡುತ್ತಿದ್ದರು. ಅವನು ಅದನ್ನು ಇಂಜಿನ್ನಿನ ಪಕ್ಕ ಇಟ್ಟುಕೊಂಡು ತಂದು ಕಾಲೇಜಿನ ಗೇಟಿನ ಮುಂದೆ ಇಳಿಸುತ್ತಿದ್ದ. ಮೊದಲು ಇಳಿಸಿಕೊಳ್ಳುವವರು ಇರಲಿಲ್ಲವಂತೆ. ಡಬ್ಬಿ ಬಸ್ ಸ್ಟ್ಯಾಂಡಿಗೇ ಹೋಗಿ, ಅಲ್ಲಿ ಅರ್ಧ ನಾಯಿಗಳ ಪಾಲಾಗಿ, ಎಷ್ಟೋ ಹುಡುಗರು ಉಪವಾಸ ಬಿದ್ದು ಬೇಸತ್ತು ಓದು ಬಿಟ್ಟಿದ್ದರಂತೆ. ಮಾವಶಿ ಬಂದವಳೇ ಸೈಕಲ್ ಸ್ಟ್ಯಾಂಡಿನ ಪಕ್ಕದ ಖಾಲಿ ಖೋಲಿಗೆ ತನ್ನದೊಂದು ಕೀಲಿ ಜಡಿದು ಅದನ್ನು ಡಬ್ಬಿ ಖೋಲಿ ಮಾಡಿಬಿಟ್ಟಳು. ಯಾರನ್ನೂ ಕೇಳಲಿಲ್ಲ. ತೆಲಸಂಗದ್ದು ಈ ಹಲಗೆ, ಅನಂತಪುರದ್ದು ಆ ಹಲಗೆ, ಕಾಗವಾಡ ಕಡೆಯದು ಕಿಟಕಿಯ ಕೆಳಗೆ. ಮಧ್ಯಾಹ್ನ ಖಾಲಿ ಡಬ್ಬಿಗಳು ಅದೇ ಬಸ್ಸಿನಲ್ಲಿ ತಿರುಗಿ ಊರಿಗೆ.

ನಾನು ತೆಲಸಂಗದವನು. ನಮ್ಮದು ಕುರಿ ಸಾಕುವ ಮನೆ, ತುಂಡು ಹೊಲ. ಖಾನಾವಳಿಯಲ್ಲಿ ಉಂಡು ಓದುವುದು ನಮ್ಮಂಥವರ ಕೈಲಾಗದ ಮಾತು. ಅಪ್ಪ ಕಾಲೇಜಿಗೆ ಕಳಿಸುವಾಗಲೇ ಹೇಳಿದ್ದ: "ಡಬ್ಬಿ ಮುಟ್ಟೂದು ನಿಂತ ದಿನ ಗಂಟುಮೂಟಿ ಕಟಗೊಂಡ ಬಂದ್ಬಿಡು. ಕುರಿ ಎಲ್ಲೂ ಹೋಗಿರಂಗಿಲ್ಲ." ಓದುತ್ತ ಗಳಿಸುವ ಯೋಜನೆಯಲ್ಲಿ ಲೈಬ್ರರಿಯ ಕೆಲಸ ಕೊಡುತ್ತಾರೆಂಬುದೂ ನನಗೆ ಗೊತ್ತಿರಲಿಲ್ಲ. ಮಾವಶಿಯೇ ನನ್ನ ರಟ್ಟೆ ಹಿಡಿದು ಲೈಬ್ರರಿಯನ್ನರ ಮುಂದೆ ನಿಲ್ಲಿಸಿದಳು. "ಸಾಹೇಬ್ರ, ಈ ಹುಡುಗ ಇಷ್ಟ ವರ್ಷ ಕುರಿ ಕಾಯ್ದಾನ. ನಿಮ್ಮ ಪುಸ್ತಕಾ ಕಾಯಾಕ ಬರಂಗಿಲ್ಲನ್ರಿ? ಅವು ಓಡಿನೂ ಹೋಗಂಗಿಲ್ಲ." ಅವರು ನಕ್ಕರು. ಮರುದಿನದಿಂದ ನಾನು ಪುಸ್ತಕಗಳಿಗೆ ಚೀಟಿ ಅಂಟಿಸತೊಡಗಿದೆ.

ಮಾವಶಿಯ ಇನ್ನೊಂದು ಕಾಯಿದೆ ಹುಣಸೆ ಬೀಜದ್ದು. ಯಾವನಾದರೂ ಹುಡುಗನ ಖೋಲಿಗೆ ನೆಂಟನೋ ಗೆಳೆಯನೋ ಬಂದಿದ್ದರೆ, ತಿರುಗಿ ಹೋಗುವ ಖಾಲಿ ಡಬ್ಬಿಯಲ್ಲಿ ಅವಳು ಒಂದು ಹುಣಸೆ ಬೀಜ ಹಾಕುತ್ತಿದ್ದಳು. ಒಂದು ಬೀಜವೆಂದರೆ ನಾಳೆ ಒಬ್ಬರಿಗೆ ಹೆಚ್ಚಿಗೆ, ಎರಡೆಂದರೆ ಇಬ್ಬರಿಗೆ. ಚೀಟಿ ಬರೆದರೆ ಓದುವವರು ಮನೆಯಲ್ಲಿ ಇರಬೇಕಲ್ಲ. ಕಾಲೇಜಿನ ಅಂಗಳದ ಮರದ ಬೀಜಗಳನ್ನು ಆರಿಸಿ, ಒಂದು ತಂಬಾಕಿನ ಡಬ್ಬಿಯಲ್ಲಿ ತುಂಬಿ ಇಟ್ಟುಕೊಂಡಿರುತ್ತಿದ್ದಳು. ನಮ್ಮ ಸುತ್ತಿನ ಊರುಗಳ ತಾಯಂದಿರೆಲ್ಲರಿಗೂ ಆ ಲೆಕ್ಕ ಗೊತ್ತಿತ್ತು.

ನಾನು ಕೊನೆಯ ವರ್ಷದಲ್ಲಿದ್ದಾಗ ನಮ್ಮ ಕಾಲೇಜಿಗೆ ಮೊದಲ ಸಲ ಯೂನಿವರ್ಸಿಟಿಯ ಯುವಜನೋತ್ಸವ ಬಂತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ ಎಲ್ಲ ಕಡೆಯಿಂದ ತಂಡಗಳು ಬರುವವು, ಧಾರವಾಡದಿಂದ ದೊಡ್ಡವರು ಬರುವವರು. ಪ್ರಿನ್ಸಿಪಾಲರು ಆ ವರ್ಷವಷ್ಟೇ ಬಂದವರು, ಒಳ್ಳೆಯ ಮನುಷ್ಯರೇ. ಆದರೆ ಎಲ್ಲವೂ ಒಪ್ಪವಾಗಿರಬೇಕು ಎಂಬ ಹಟದವರು. ಸುಣ್ಣ ಬಳಿಸುತ್ತ, ಗಿಡ ಕತ್ತರಿಸುತ್ತ ಬಂದವರು ಡಬ್ಬಿ ಖೋಲಿಯ ಮುಂದೆ ನಿಂತರು.

"ಇದು ಕಾಲೇಜೋ ಖಾನಾವಳಿನೋ, ಸಖೂಬಾಯಿ? ಮಾಹಿತಿ ಪುಸ್ತಕದಾಗ ಲೈಬ್ರರಿ ಐತಿ, ಜಿಮಖಾನಾ ಐತಿ, ಸೈಕಲ್ ಸ್ಟ್ಯಾಂಡ್ ಐತಿ. ಡಬ್ಬಿ ಖೋಲಿ ಎಲ್ಲಿ ಐತಿ? ಉತ್ಸವ ಮುಗೀತಂದ್ರ ಇದರ ಕೀಲಿ ಆಫೀಸಿಗೆ ಕೊಡ್ರಿ. ಇನ್ನ ಇದು ಬಂದ್."

ಮಾವಶಿ ಕೀಲಿಯ ಗೊಂಚಲನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಖೋಲಿ ಮುಚ್ಚಿದರೆ ಗೇಟಿನಲ್ಲಿ ಬಸ್ಸು ನಿಲ್ಲುವುದಿಲ್ಲ, ಡಬ್ಬಿ ಮುಟ್ಟುವುದಿಲ್ಲ. ಪರೀಕ್ಷೆಗೆ ಇನ್ನೂ ದಿನಗಳಿದ್ದವು. ಅಪ್ಪನ ಮಾತು ನೆನಪಾಗಿ ನಾನು ಆ ದಿನ ಊಟ ಬಿಟ್ಟೆ.

ಉತ್ಸವದ ಹಿಂದಿನ ದಿನ ಮಧ್ಯಾಹ್ನ ಅಡುಗೆಯವನ ಸುದ್ದಿ ಬಂತು. ಅವನಿಗೆ ಮಿರಜದಲ್ಲಿ ದೊಡ್ಡ ಮದುವೆಯ ಕೆಲಸ ಸಿಕ್ಕಿತ್ತು, ಇಲ್ಲಿಗೆ ಬರುವುದಿಲ್ಲ. ಲಗ್ನದ ದಿನಗಳು ಬೇರೆ, ಊರಲ್ಲಿ ಇನ್ನೊಬ್ಬ ಅಡುಗೆಯವನು ಸಿಗಲಿಲ್ಲ. ಪ್ರಿನ್ಸಿಪಾಲರು ವರಾಂಡದಲ್ಲಿ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತ ನಿಂತಿದ್ದರು. ನಾವು ಒಂದಿಷ್ಟು ಹುಡುಗರು ಖಾಲಿ ಡಬ್ಬಿಗಳನ್ನು ಗೇಟಿಗೆ ಸಾಗಿಸುತ್ತಿದ್ದೆವು. ಮಾವಶಿ ಸೊಂಟದ ಮೇಲೆ ಕೈಯಿಟ್ಟು ಅವರ ಎದುರು ಹೋಗಿ ನಿಂತಳು.

"ಸಾಹೇಬ್ರ, ಅನ್ನಾ ಸಾರು ನೀವು ಹೆಂಗರ ಮಾಡಸ್ರಿ. ರೊಟ್ಟಿ ಪಲ್ಯೇದ್ದು ನನಗ ಬಿಡ್ರಿ. ಆದ್ರ ಆ ಖೋಲಿ ಕೀಲಿ ನನ್ನ ಸೊಂಟದಾಗ ಇರ್ತೈತಿ."

"ಇಷ್ಟು ಮಂದಿಗೆ ನೀವು ಎಲ್ಲಿಂದ ತರ್ತೀರಿ?"

"ಅದನ್ನ ಕೇಳಬ್ಯಾಡ್ರಿ. ಕೀಲೀದಷ್ಟ ಹೇಳ್ರಿ."

ಅವರು ಹೂಂ ಅಂದರೋ ನಿಟ್ಟುಸಿರು ಬಿಟ್ಟರೋ ತಿಳಿಯಲಿಲ್ಲ. ಮಾವಶಿ ಅದನ್ನು ಹೂಂ ಎಂದೇ ಇಟ್ಟುಕೊಂಡಳು. ಬಂದವಳೇ ತಂಬಾಕಿನ ಡಬ್ಬಿ ತೆಗೆದು, ಸಾಲಾಗಿ ಇಟ್ಟಿದ್ದ ಒಂದೊಂದು ಊಟದ ಡಬ್ಬಿಗೂ ಕೈ ತುಂಬ ಹುಣಸೆ ಬೀಜ ಸುರಿದಳು. ತಂಬಾಕಿನ ಡಬ್ಬಿ ಬರಿದಾದ ಮೇಲೆ ಮರದ ಬುಡಕ್ಕೆ ನಮ್ಮನ್ನು ಓಡಿಸಿ ಆರಿಸಿ ತರಿಸಿದಳು. "ಎಣಿಸಿ ಹಾಕು ಮಾವಶಿ," ಎಂದು ನಾನು ಅಂದೆ. ಅಷ್ಟರಲ್ಲಿ ಬಸ್ಸು ಹಾರ್ನ್ ಹೊಡೆಯಿತು. "ಎಣಸಾಕ ಹೊತ್ತೆಲ್ಲೈತಿ ಲೇ," ಎಂದು ಮುಚ್ಚಳ ಒತ್ತಿಬಿಟ್ಟಳು.

ಮರುದಿನ ಮುಂಜಾನೆ ಮೊದಲ ಬಸ್ಸು ತೆಲಸಂಗದ್ದು. ಗೇಟಿನ ಮುಂದೆ ನಿಂತಿತು. ಡ್ರೈವರ ಇಳಿದು ಮಾವಶಿಗೆ ಕೈ ಮುಗಿದು, "ಇವತ್ತ ನನ್ನ ಗಾಡ್ಯಾಗ ಪ್ಯಾಸೆಂಜರೇ ಇಲ್ಲ ಮಾವಶಿ, ಬರೇ ರೊಟ್ಟಿ ಅದಾವು," ಎಂದ. ಟಾಪಿನ ಮೇಲೆ ಬುಟ್ಟಿಗಳು, ಸೀಟಿನ ಮೇಲೆ ಗಂಟುಗಳು. ಅವುಗಳ ಹಿಂದೆ, ಪೆಟ್ಟಿಗೆಯಿಂದ ತೆಗೆದ ಇಳಕಲ್ ಸೀರೆ ಉಟ್ಟು, ನಮ್ಮೂರ ಹೆಂಗಸರು ಒಬ್ಬೊಬ್ಬರೇ ಇಳಿದರು. ಅವರಲ್ಲಿ ನಮ್ಮ ಅವ್ವ.

"ಬೀಗರು ಎಲ್ಲಿ ಅದಾರೋ?" ಎಂದು ಅವ್ವ ನನ್ನ ಕಿವಿಯಲ್ಲಿ ಕೇಳಿದಳು.

"ಯಾವ ಬೀಗರು ಬೇ?"

"ಮುಷ್ಟಿ ತುಂಬ ಬೀಜ ಕಳಸೀರಿ. ಹೆಣ್ಣಿನ ಕಡೆಯವ್ರು ನಿನ್ನ ನೋಡಾಕ ದಿಂಡೀ ಹಂಗ ಗುಂಪ ಕಟಗೊಂಡ ಬಂದಾರಂತ ನಾ ತಿಳಕೊಂಡೆ."

ಪಕ್ಕದ ಮನೆಯ ಕಲ್ಲವ್ವನ ತಿಳಿವಳಿಕೆಯಲ್ಲಿ ಅವಳ ಮಗ ಸಾಹೇಬನಾಗಿ ಮಂದಿಗೆ ಊಟ ಹಾಕಿಸುತ್ತಿದ್ದ. ಒಬ್ಬೊಬ್ಬರೂ ಒಂದೊಂದು ತಿಳಿದಿದ್ದರು. ಬೀಜ ಎಣಿಸಿದ್ದು ಮಾತ್ರ ಎಲ್ಲರೂ ಸರಿಯಾಗಿ ಎಣಿಸಿದ್ದರು, ಆ ಎಣಿಕೆಗೆ ಸರಿಯಾಗಿ ರೊಟ್ಟಿ ಬಡಿದಿದ್ದರು. ಇಷ್ಟು ಮಂದಿ ಖೋಲಿಗೆ ಬಂದರೆ ಮಗ ಒಬ್ಬನೇ ಹೇಗೆ ನಿಭಾಯಿಸಿಯಾನು ಎಂದು ಬಡಿಸುವುದಕ್ಕೆ ತಾವೇ ಹೊರಟು ಬಂದಿದ್ದರು. ಅನಂತಪುರದ ಬಸ್ಸಿನಲ್ಲೂ ಹಾಗೇ, ಕಾಗವಾಡದ ಬಸ್ಸಿನಲ್ಲೂ ಹಾಗೇ. ದ್ರಾಕ್ಷಿ ತೋಟದ ದೊಡ್ಡ ಮನೆಯವರು ಶೇಂಗಾ ಹೋಳಿಗೆ ಬುಟ್ಟಿ ಇಳಿಸಿದರು. ಕುರಿಯ ಮನೆಗಳಿಂದ ಗಡಿಗೆಗಟ್ಟಲೆ ಮೊಸರು ಬಂತು. ಮಾವಶಿ ಗೇಟಿನಲ್ಲಿ ನಿಂತು ಒಂದೊಂದು ಗಂಟನ್ನೂ ಅಲುಗಾಡಿಸಿ, "ಎಣ್ಣಿಗಾಯಿ ಬದನಿಕಾಯಿ," "ಗುರೆಳ್ಳ ಹಿಂಡಿ," "ಪುಂಡಿಪಲ್ಯ" ಎಂದು ಕೂಗುತ್ತ ಒಳಗೆ ಕಳಿಸುತ್ತಿದ್ದಳು. ಅರ್ಧ ತಪ್ಪೇ. ಆ ದಿನ ಯಾರು ತಿದ್ದಿಯಾರು.

ಮಧ್ಯಾಹ್ನ ಮರದ ನೆರಳಿನಲ್ಲಿ ಪಂಕ್ತಿ ಕೂತಿತು. ನಿಪ್ಪಾಣಿಯ ಹುಡುಗಿಯರು ಮರಾಠಿಯಲ್ಲಿ ಕೇಳಿದರೆ ನಮ್ಮವರು ಕನ್ನಡದಲ್ಲಿ ಬಡಿಸುತ್ತಿದ್ದರು, ಯಾರಿಗೂ ಏನೂ ಕಡಿಮೆ ಬೀಳಲಿಲ್ಲ. ಧಾರವಾಡದಿಂದ ಬಂದ ಹಿರಿಯರೊಬ್ಬರು ಎರಡನೆಯ ಸಲ ಹೋಳಿಗೆ ಹಾಕಿಸಿಕೊಂಡು, "ಊಟದ ವ್ಯವಸ್ಥೆ ಯಾರದ್ರಿ?" ಎಂದು ಪ್ರಿನ್ಸಿಪಾಲರನ್ನು ಕೇಳಿದರು. ಅವರು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಉತ್ತರ ಬಂತು: "ನಂದ್ರಿ."

ಸಂಜೆಯ ಮುಂದೆ ಜಾನಪದ ಸ್ಪರ್ಧೆ. ನಾವು ಕುರುಬರ ಮನೆಯ ಹುಡುಗರು ಡೊಳ್ಳು ಕಟ್ಟಿಕೊಂಡು ವೇದಿಕೆ ಹತ್ತಿದಾಗ, ಮುಂದಿನ ಸಾಲಿನ ಕುರ್ಚಿಗಳನ್ನು ಬಿಟ್ಟು ನೆಲದ ಮೇಲೆ ನಮ್ಮ ತಾಯಂದಿರು ಕೂತಿದ್ದರು. ಕಾಲೇಜೆಂದರೆ ಏನೆಂದು ಅದುವರೆಗೆ ಕಂಡವರಲ್ಲ. ಅವ್ವನ ಮುಖ ನೋಡಿ ನಾನು ಬಾರಿಸಿದ ಹಾಗೆ ಮುಂದೆಂದೂ ಬಾರಿಸಲಿಲ್ಲ. ಮೊದಲ ಬಹುಮಾನ ನಮಗೇ ಬಂತು. ಅವ್ವ ಆ ಪದಕವನ್ನು ಸೆರಗಿನಿಂದ ಒರೆಸಿ, "ಬೀಗರು ಬರದಿದ್ರ ಬಿಡ್ಲಿ," ಎಂದಳು. ಅಷ್ಟು ಸಂತೋಷವನ್ನು ನಾನು ಆವರೆಗೆ ಉಂಡಿರಲಿಲ್ಲ.

ಬಸ್ಸುಗಳೆಲ್ಲ ಹೊರಟ ಮೇಲೆ ಪ್ರಿನ್ಸಿಪಾಲರು ಡಬ್ಬಿ ಖೋಲಿಗೆ ಬಂದರು. ಮಾವಶಿ ಕೀಲಿಯ ಗೊಂಚಲಿನ ಮೇಲೆ ಕೈಯಿಟ್ಟುಕೊಂಡು ಎದ್ದು ನಿಂತಳು. ಅವರು ಹಲಗೆಗಳನ್ನೊಮ್ಮೆ ನೋಡಿ, "ಇಲ್ಲೊಂದು ಬಲ್ಬ್ ಹಾಕಸ್ಬೇಕ್ರಿ, ಮಾವಶಿ," ಎಂದರು. ಅವರ ಬಾಯಲ್ಲಿ ಮಾವಶಿ ಎಂಬ ಮಾತು ಅದೇ ಮೊದಲು. ಮುಂದಿನ ವರ್ಷದ ಮಾಹಿತಿ ಪುಸ್ತಕದಲ್ಲಿ, ಜಿಮಖಾನಾದ ಕೆಳಗೆ, ಡಬ್ಬಿ ಕೊಠಡಿ ಎಂದು ಅಚ್ಚಾಯಿತು. ಮಾವಶಿಗೆ ಓದು ಬಾರದು. ಎದುರು ಸಿಕ್ಕವರಿಗೆಲ್ಲ ಪುಸ್ತಕ ಹಿಡಿದು, "ಎಲ್ಲೈತಿ, ಓದಿ ತೋರಸು," ಎಂದು ಓದಿಸುತ್ತಿದ್ದಳಂತೆ. ಅಷ್ಟು ಬೀಜ ಬೇಕೆಂದೇ ಹಾಕಿದೆ ಎಂದೂ ಹೇಳುತ್ತಿದ್ದಳಂತೆ.

ಆಮೇಲೆ ನಾನು ಓದು ಮುಗಿಸಿ ಚಿಕ್ಕೋಡಿಯಲ್ಲಿ ಮಾಸ್ತರನಾದೆ. ಅವ್ವ ನನ್ನ ಜೊತೆಗೇ ಇದ್ದಳು. ತೊಂಬತ್ತರ ದಶಕದ ನಡುವೆ, ಮಾವಶಿ ನೌಕರಿ ಮುಗಿಸಿ ನಿಪ್ಪಾಣಿ ಹತ್ತಿರದ ಭೋಜದಲ್ಲಿ ತಂಗಿಯ ಮಗಳ ಮನೆಯಲ್ಲಿದ್ದಾಳೆ ಎಂದು ತಿಳಿಯಿತು. ಅವಳನ್ನು ನೋಡಲು ನಾನು ಹೊರಟಾಗ ಅವ್ವ ನನ್ನ ಹಳೆಯ ಡಬ್ಬಿ ತುಂಬಿ ಕೊಟ್ಟಳು. "ಎಲ್ಲಾರ ಡಬ್ಬಿ ಕಾಯ್ದಾಕಿ. ಆಕಿಗೆ ಯಾರರೆ ಡಬ್ಬಿ ಕಳಿಸ್ಯಾರನು?"

ಮಾವಶಿ ತೀರ ಇಳಿದುಹೋಗಿದ್ದಳು. ಸೊಂಟದಲ್ಲಿ ಕೀಲಿಗಳಿರಲಿಲ್ಲ. ಡಬ್ಬಿಯನ್ನು ಕಿವಿಗೆ ಹಿಡಿದು ಅಲುಗಾಡಿಸಿ, "ಝುಣಕಾ," ಎಂದಳು. ಆ ಸಲ ಝುಣಕಾನೇ ಇತ್ತು, ಅವ್ವನಿಗೆ ನಾನೇ ಹೇಳಿ ಮಾಡಿಸಿದ್ದೆ. ಸಂಜೆ ಹೊರಡುವಾಗ ಡಬ್ಬಿ ತೊಳೆದು, ಗಂಟು ಕಟ್ಟಿ ಕೈಗೆ ಕೊಟ್ಟಳು.

ಮನೆಯಲ್ಲಿ ಅವ್ವ ಗಂಟು ಬಿಚ್ಚಿದಾಗ ಒಳಗೆ ಏನೋ ಉರುಳಿತು. ಒಂದೇ ಒಂದು ಹುಣಸೆ ಬೀಜ. ಅವ್ವ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. "ನಾಳೆ ಒಬ್ರು ಬರ್ತಾರ," ಎಂದು ಹೇಳಿ ಜೋಳದ ಹಿಟ್ಟಿನ ಡಬ್ಬಿ ಇಳಿಸಿದಳು.

ಮರುದಿನ ಮುಂಜಾನೆಯ ಬಸ್ಸಿಗೆ ಮಾವಶಿ ಬಂದಳು. ಅದೇ ಕೊನೆ, ಮತ್ತೆ ಅವಳನ್ನು ನಾನು ನೋಡಲಿಲ್ಲ. ಆದರೆ ಆ ದಿನ ಅವಳು ನಮ್ಮ ಅಡುಗೆಮನೆಯಲ್ಲಿ ಮಣೆ ಹಾಕಿಸಿಕೊಂಡು, ಹಸಿರು ಸೀರೆಯ ಕಚ್ಚೆ ಸರಿಮಾಡಿಕೊಂಡು, ಮಹಾರಾಣಿಯ ಹಾಗೆ ಕೂತಿದ್ದಳು.

"ಆಗ ಮುಷ್ಟಿಗಟ್ಟಲೆ ಹಾಕಿದಾಕಿ, ಈಗ ಒಂದ ಹಾಕೀಯಲ್ಲ," ಎಂದು ಅವ್ವ ಕಾಡಿಸಿದಳು.

"ಆಗ ಊರಿಗೆಲ್ಲಾ ಬೇಕಾಗಿತ್ತು," ಎಂದಳು ಮಾವಶಿ, ಬಿಸಿ ರೊಟ್ಟಿ ಮುರಿಯುತ್ತ. "ಇದು ನಂದು. ಇದೊಂದ ಎಣಿಸಿ ಹಾಕೀನಿ."