ಬೋರ್‌ವೆಲ್ ನೀರಿನ ಹೈಡ್ರೋಜನ್

ವೇಮಗಲ್ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಕೆಮಿಕಲ್ ಘಟಕವಿದೆ. ರಸಾಯನಶಾಸ್ತ್ರ ನನ್ನ ಅಣ್ಣನ ಮಗಳದು, ಚೌಕಾಸಿ ನನ್ನದು. ಸುಗಟೂರಿನಲ್ಲಿ ಟೊಮೆಟೊ ಕ್ರೇಟು ಹೊತ್ತು ಮೇಲೆ ಬಂದವನು ನಾನು. ಹೇಳಿದ ಬೆಲೆಗೆ ಸೂಜಿಯನ್ನೂ ಕೊಂಡವನಲ್ಲ.

ನಮ್ಮ ಕೆಲಸ ಇಷ್ಟೆ: ಔಷಧಿ ಕಂಪನಿಗಳಿಗಾಗಿ ಒಂದು ಹಳದಿ ದ್ರಾವಣಕ್ಕೆ ಹೈಡ್ರೋಜನ್ ಉಣಿಸುವುದು. ಸಾಕಷ್ಟು ಅನಿಲ ಕುಡಿದರೆ ಹಳದಿ ಹೋಗುತ್ತದೆ, ಮಾಲು ತಯಾರು. ಅನಿಲ ಸಿಲಿಂಡರಿನಲ್ಲಿ ಬರುತ್ತಿತ್ತು. ಬೆಂಗಳೂರಿನ ಗಿರಾಕಿಯೊಬ್ಬರು ಮಾತ್ರ, ಬಿಸಿಲಿನ ಕರೆಂಟಿನಿಂದ ನೀರು ಒಡೆದು ತೆಗೆದ ಹೈಡ್ರೋಜನ್ನೇ ಆಗಬೇಕೆಂದರು. ಅವರ ಎದುರಿಗೆ ಒಂದು ಬ್ಯಾಚು ಸರಿಯಾಗಿ ಇಳಿದರೆ ಆರ್ಡರು; ಇಲ್ಲವಾದರೆ ನಮ್ಮ ಹುಡುಗಿ ಎರಡು ವರ್ಷ ಹೆಣಗಿದ ವಿಧಾನ ಮೂಲೆಗೆ. ಚಾವಣಿಯ ಮೇಲೆ ಸೋಲಾರ್ ಇತ್ತು. ನೀರು ಒಡೆಯುವ ಯಂತ್ರ ತರಲು ನಾನು ಮಾಲೂರಿಗೆ ಹೊರಟೆ.

ಚೌಕಾಸಿಯಲ್ಲಿ ಎರಡು ಸಲ ಎದ್ದು ಬಾಗಿಲವರೆಗೆ ಹೋಗಬೇಕು. ಚಪ್ಪಲಿ ಮಾತ್ರ ಮೆಟ್ಟಬಾರದು. ಮೆಟ್ಟಿದರೆ ನಿಜವಾಗಿಯೂ ಹೋಗಬೇಕಾಗುತ್ತದೆ. ಹಾಗೆ ಬೆಲೆ ಇಳಿಸಿದ ಮೇಲೂ ಪಟ್ಟಿಯಲ್ಲಿ ನೀರು ಶುದ್ಧಿ ಮಾಡುವ ಘಟಕ ಎಂಬ ಸಾಲೊಂದು ಕಣ್ಣಿಗೆ ಚುಚ್ಚಿತು. ಅದನ್ನು ಹೊಡೆದುಹಾಕಿಸಿದೆ. ವ್ಯಾಪಾರಿ ಏನೋ ಹೇಳಲು ಬಾಯಿ ತೆರೆದ; ಇನ್ನೊಂದು ಟೀ ತರಿಸು ಎಂದು ಮುಚ್ಚಿಸಿದೆ.

ಯಂತ್ರಕ್ಕೆ ಪೂಜೆಯಾಯಿತು, ನಿಂಬೆಹಣ್ಣು ಕಟ್ಟಿದೆವು, ಬೋರ್‌ವೆಲ್ ಪೈಪು ಜೋಡಿಸಿದೆವು. ಮೊದಲ ವಾರ ಅನಿಲ ಚೆನ್ನಾಗಿಯೇ ಬಂತು. ತಾಯಲೂರಿನ ಬೀಗರಿಗೆ ಹಸಿರು ಇಂಧನದ ಬಗ್ಗೆ ಊಟ ಆರುವವರೆಗೂ ಉಪದೇಶ ಮಾಡಿ ಬಂದೆ. ಎರಡನೆಯ ವಾರ ಅನಿಲ ಸೊರಗಿತು. ದ್ರಾವಣ ಇಡೀ ದಿನ ಅರಿಶಿನದ ನೀರಿನಂತೆ ಹಳದಿಯಾಗಿಯೇ ಉಳಿಯಿತು. ಗಿರಾಕಿ ಬರಲು ಇನ್ನು ನಾಲ್ಕು ದಿನ.

ಅಣ್ಣನ ಮಗಳು ಯಂತ್ರ ಬಿಚ್ಚಿದಳು. ಒಳಗೆಲ್ಲ ನಮ್ಮ ಬಚ್ಚಲ ಹಂಡೆಯ ತಳದಂತೆ ಗಡಸು ನೀರಿನ ಬಿಳಿ ಗಾರೆ.

"ಚಿಕ್ಕಪ್ಪಾ, ಇದ್ರ ಜೊತೆ ನೀರು ಶುದ್ಧಿ ಮಾಡೋದು ಕೊಡ್ಲಿಲ್ವಾ?"

"ಕೊಡ್ತೀನಿ ಅಂದ. ನಾನೇ ಬೇಡ ಅಂದೆ ಕಣಮ್ಮಾ. ಹುಟ್ಟಿದಾಗಿಂದ ಇದೇ ನೀರು ಕುಡೀತಿದ್ದೀವಿ, ನಮಗೇನಾಗಿದೆ?"

"ಕನ್ನಡೀಲಿ ಹಲ್ಲು ನೋಡ್ಕೊಳ್ಳಿ."

ನನ್ನ ಹಲ್ಲು ಕೋಲಾರದವು, ಫ್ಲೋರೈಡ್ ನೀರು ಕುಡಿದ ಕಂದು ಪಟ್ಟೆಯವು. ಬಾಯಿ ಮುಚ್ಚಿಕೊಂಡೆ.

ಮಾಲೂರಿನವನು ನನ್ನನ್ನು ಕಂಡ ಕೂಡಲೇ ನೀರು ಶುದ್ಧಿಯ ಘಟಕವನ್ನು ಗೋದಾಮಿನಿಂದ ಹೊರಗೆ ಇಡಿಸಿದ. ಕಟ್ಟಿಟ್ಟೇ ಇತ್ತು. "ಬರ್ತೀರಾ ಅಂತ ಗೊತ್ತಿತ್ತಣ್ಣಾ," ಎಂದ. ನನಗೆ ಎದ್ದು ಹೋಗುವ ಉಪಾಯವೇ ಉಳಿದಿರಲಿಲ್ಲ. ಅವನು ಕುರ್ಚಿಯನ್ನೇ ಕೊಟ್ಟಿರಲಿಲ್ಲ. ಹೇಳಿದ ಬೆಲೆ ಕೊಟ್ಟು ತಂದೆ.

ಮಗಳು ಎರಡು ದಿನ ಯಂತ್ರವನ್ನು ಆಮ್ಲದಲ್ಲಿ ತೊಳೆದಳು. ಗಿರಾಕಿ ಬಂದ ದಿನ ಬೆಳಗ್ಗೆ ಶುರುಮಾಡಿದೆವು; ಮಧ್ಯಾಹ್ನ ಮೂರರ ಹೊತ್ತಿಗೆ ಗಾಜಿನ ಕಿಂಡಿಯಲ್ಲಿ ಹಳದಿ ತಿಳಿಯಾಗುತ್ತ ಹೋಗಿ ಕೊನೆಗೆ ಬಣ್ಣವೇ ಉಳಿಯಲಿಲ್ಲ. ಅವರು ಸ್ಯಾಂಪಲ್ ಎತ್ತಿ ಬೆಳಕಿಗೆ ಹಿಡಿದರು, ತಲೆಯಾಡಿಸಿದರು, ಆರ್ಡರು ಕೊಟ್ಟರು.

ಅಂದಿನಿಂದ ಖರೀದಿಯ ಪಟ್ಟಿ ಅವಳೇ ಬರೆಯುತ್ತಾಳೆ, ನಾನು ತರುತ್ತೇನೆ. ಚೌಕಾಸಿ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಯಾವ ಸಾಮಾನು ಏನು ಕೆಲಸ ಮಾಡುತ್ತದೆಂದು ಕೇಳಿಕೊಂಡು ಚೌಕಾಸಿ ಮಾಡಿ. ಅಷ್ಟು ಪುರುಸೊತ್ತಿಲ್ಲದಿದ್ದರೆ, ಬೇಡವೆಂದು ಬಿಟ್ಟು ಬಂದದ್ದನ್ನು ಮತ್ತೆ ಹೋಗಿ ತರಲು ಲಾರಿ ಬಾಡಿಗೆ ಹಿಡಿದುಕೊಳ್ಳಿ. ಆ ಘಟಕ ತರುವಾಗ ನಾನು ಮಾಡಿದ್ದೂ ಅದನ್ನೇ.