ಸಾವಿನ ಮನೆಯ ಮಲ್ಲಿಗೆ ಮೊಗ್ಗು

ಏಳೆಂಟು ವರ್ಷಗಳ ಹಿಂದಿನ ಮಾತು. ಆಗ ನಾನು ತಮಿಳುನಾಡಿನ ನಿಲಕ್ಕೋಟ್ಟೈ ಬಳಿಯ ಹೂ ಬೆಳೆಗಾರರ ಸಂಘವೊಂದರಲ್ಲಿ ಮಾರುಕಟ್ಟೆ ಅಧಿಕಾರಿಯಾಗಿದ್ದೆ. ಮಲ್ಲಿಗೆಯನ್ನು ಬೆಳಿಗ್ಗೆಯೇ ಮೊಗ್ಗಾಗಿ ಬಿಡಿಸಬೇಕು. ಗಿಡದಲ್ಲೇ ಅರಳಿದರೆ ಕೇಳುವವರಿಲ್ಲ. ನಮ್ಮ ಕನ್ನಡ ಮಾತಿನ ಮನೆಗಳಲ್ಲಿ ಸಾವಾದರೆ ಆ ಮನೆಯವರು ಕಾರ್ಯ ಮುಗಿಯುವ ತನಕ ತೋಟಕ್ಕೆ ಇಳಿಯುವುದಿಲ್ಲ. ನೆರೆಯವರೇ ಮೊದಲು ಆ ಮನೆಯ ಮೊಗ್ಗು ಬಿಡಿಸಿ ಮಂಡಿಗೆ ಕಳಿಸಿ, ಆಮೇಲೆ ತಮ್ಮ ತೋಟಕ್ಕೆ ಹೋಗುತ್ತಿದ್ದರು. ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ.

ಸಂಘಕ್ಕೆ ಬಂದ ಸಲಹೆಗಾರ ಮಹಾಶಯನಿಗೆ ಇದು ಸರಿಬರಲಿಲ್ಲ. ಅರ್ಥಶಾಸ್ತ್ರದಲ್ಲಿ 'ರ‍್ಯಾಷನಲ್' ಮನುಷ್ಯ ಅಂತ ಒಬ್ಬನಿದ್ದಾನೆ. ಏನು ಮಾಡುವಾಗಲೂ ನನಗೇನು ಲಾಭ ಎಂದು ಲೆಕ್ಕ ಹಾಕುವವನು. ನಮ್ಮ ಸಲಹೆಗಾರ ಅವನನ್ನೇ ನಂಬಿದವನು. "ಬಿಟ್ಟಿ ದುಡಿಮೆ ಎಷ್ಟು ದಿನ ನಡೆದೀತು ಸಾರ್? ಕೂಲಿ ಗೊತ್ತು ಮಾಡಿ," ಎಂದ. ಬೇಡವೆಂದು ಗಂಟಲು ಹರಿದುಕೊಂಡೆ. ಕೇಳಿದವರಾರು? ಸಾವಿನ ಮನೆಯ ಹೂವಿಗೂ ಕಿಲೋಗೆ ಇಷ್ಟು ಕೂಲಿ ಎಂದು ಸಂಘದವರು ಬೋರ್ಡು ಹಾಕಿದರು.

ಆ ಬೇಸಿಗೆಯಲ್ಲಿ ನಾಗಮ್ಮನ ಗಂಡ ತೀರಿಕೊಂಡ. ಆಕೆಗೆ ಇದ್ದ ಆಧಾರ ಅರ್ಧ ಎಕರೆ ಮಲ್ಲಿಗೆ. ಅದೂ ಗಿಡ ಬಗ್ಗುವಂತೆ ಮೊಗ್ಗು ಬಿಟ್ಟ ಹಂಗಾಮು. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ತೋಟದಲ್ಲಿ ನರಪಿಳ್ಳೆಯಿಲ್ಲ. ಸಾವಿನ ಮನೆಗೆ ಯಾವಾಗಲೂ ಮೊದಲು ಬರುತ್ತಿದ್ದ ಬೊಮ್ಮಕ್ಕ ಪಕ್ಕದಲ್ಲಿ ತನ್ನ ಗಿಡ ಬಿಡಿಸುತ್ತಿದ್ದಳು.

"ಯಾಕಕ್ಕಾ, ನಾಗಮ್ಮನ ಹೂ?"

"ಸುಮ್ಮಾ ಕಿತ್ತಾಗ ನಾವು ಸೊಂದಕಾರ್ರು, ನೆಂಟ್ರು ಸಾರ್. ಈಗ ಹೋದ್ರೆ ಸಾವ್ ಮನೇಲಿ ಕಾಸು ಮಾಡಿದ್ಳು ಅಂತಾರೆ. ಕೂಲಿಗೇ ಅಂದ್ರೆ, ಬೇರೆ ತೋಟದಾಗೆ ಜಾಸ್ತಿ ಕೊಡ್ತಾರಲ್ಲ!"

"ಕೂಲಿ ಬೇಡ ಅಂತ ಹೇಳಿ ಹೋಗು."

"ಬೋರ್ಡ್ ಹಾಕ್ಬುಟ್ರಲ್ಲ. ಬೇಡ ಅಂದ್ರೂ ಯಾರು ನಂಬ್ತಾರೆ?"

ನಾನೊಬ್ಬನೇ ಬುಟ್ಟಿ ಹಿಡಿದೆ. ಎರಡು ಸಾಲು ಮುಗಿಯುವಷ್ಟರಲ್ಲಿ ಬಿಸಿಲೇರಿತು. ಸಂಜೆ ತೋಟವೆಲ್ಲ ಬೆಳ್ಳಗೆ ಅರಳಿ ನಿಂತು, ಘಮ ಮನೆಯೊಳಕ್ಕೂ ಬಂತು.

"ನಮ್ ಹೂವಾ?" ಎಂದಳು ಮೂಲೆಯಲ್ಲಿ ಕೂತಿದ್ದ ನಾಗಮ್ಮ. ಯಾರೋ ಎದ್ದು ಹೋಗಿ ಕಿಟಕಿ ಮುಚ್ಚಿದರು.

ಕಾರ್ಯ ಮುಗಿಯುವಷ್ಟರಲ್ಲಿ ಆ ಹಂಗಾಮು ಮಣ್ಣುಪಾಲಾಯಿತು. ತೋಟ ಗುತ್ತಿಗೆಗೆ ಹೋಯಿತು. ಈಗ ಅದೇ ತೋಟದಲ್ಲಿ ನಾಗಮ್ಮ ಕಿಲೋ ಲೆಕ್ಕಕ್ಕೆ ಹೂ ಬಿಡಿಸುತ್ತಾಳೆ. ಹೂ ಬಿಡಿಸಲು ಯಾರೂ ಬರಲಿಲ್ಲವೆಂದು ಆಗಲೇ ಸಲಹೆಗಾರನಿಗೆ ಫೋನ್ ಮಾಡಿ ಹೇಳಿದರೆ ಅವನ ದನಿಯಲ್ಲಿ ಖುಷಿಯೋ ಖುಷಿ: "ನಾನು ಹೇಳಿರಲಿಲ್ವಾ ಸಾರ್? ಲಾಭವಿಲ್ಲದೆ ಯಾರೂ ಬರಲ್ಲ!"

ಬೋರ್ಡು ಕಿತ್ತು ಹಾಕಿಸಿದೆ. ಜನ ಮಾತ್ರ ಮರಳಿ ಬರಲಿಲ್ಲ. ಕಳೆದ ವರ್ಷ ಬೊಮ್ಮಕ್ಕನ ಮನೆಯಲ್ಲಿ ಸಾವಾಯಿತು. ಅವಳ ಹೂವೂ ಗಿಡದಲ್ಲೇ ಅರಳಿತು.

ನೌಕರಿ ನನಗೆ ಕಲಿಸಿದ್ದಿಷ್ಟು. ಆ ಲೆಕ್ಕಾಚಾರದ ಮನುಷ್ಯ ಎಲ್ಲಿದ್ದಾನೆ ಎಂದು ಹುಡುಕುತ್ತಾ ಹೋಗಬೇಡಿ. ಒಂದು ಬೋರ್ಡು ಹಾಕಿ ಸಾಕು, ಊರ ತುಂಬ ಅವನೇ.